ಮೆತೋದಿ ಸತ್ತಿದ್ದ ವಾರ

ಕಮೆನಿಚ್ಕ ಊರಿನಲ್ಲಿ ಮೆತೋದಿ ಕರಾಸ್ತೋಯನೊವ್ ಎಂಬ ಮನುಷ್ಯನೊಬ್ಬ ಬದುಕಿದ್ದಾನೆ ಎಂಬ ಸಂಗತಿ, ಅವನು ಸಾಯುವ ತನಕ ಯಾರ ಗಮನಕ್ಕೂ ಬಂದಿರಲಿಲ್ಲ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲುಗಳಿಗೆ ಮುದ್ರೆ ಒತ್ತುವ ಕೆಲಸ. ಮನೆಯಲ್ಲಿ ಹೆಂಡತಿ ದೋಬ್ರಿಂಕಾ, ಒಂದಷ್ಟು ಕೋಳಿ, ಒಂದು ಹಳೆಯ ಬೆಟ್ಟದ ಸೈಕಲ್ಲು. ಇಷ್ಟೇ ಆಗಿದ್ದರೆ ಅವನು ಸುಖವಾಗಿ ಇದ್ದುಬಿಡುತ್ತಿದ್ದ. ಆದರೆ ದೋಬ್ರಿಂಕಾಗೆ ಒಬ್ಬ ತಂಗಿ, ಆ ತಂಗಿಗೆ ಒಬ್ಬ ಗಂಡ. ಹೀಗಾಗಿ ಮೆತೋದಿಗೆ ರಾಡೊಯ್ ಎಂಬ ಷಡ್ಡಕ ಗಂಟುಬಿದ್ದಿದ್ದ.

ರಾಡೊಯ್‌ಗೆ ಊರ ಮೇಲ್ಗಡೆ ಅತಿಥಿಗೃಹವಿತ್ತು, ಎರಡು ವ್ಯಾನುಗಳಿದ್ದವು, ಎದೆ ತುಂಬ ಕೂದಲಿತ್ತು. ರಾಜಧಾನಿ ಸೋಫಿಯಾದಿಂದ ಬರುವ ಸೈಕಲ್ ಸವಾರರನ್ನು ವ್ಯಾನಿನಲ್ಲಿ ಬೆಟ್ಟದ ನೆತ್ತಿಗೆ ಒಯ್ದು ಬಿಡುವುದು, ಅವರು ಕೆಳಗಿಳಿದು ಬಂದ ಮೇಲೆ ಹುರುಳಿಕಾಯಿ ಸಾರು ಬಡಿಸಿ ತನ್ನ ಶೌರ್ಯ ಕೇಳಿಸುವುದು ಅವನ ಉದ್ಯೋಗ. ಆ ಸವಾರರು ಇಳಿಯುತ್ತಿದ್ದ ದಾರಿಯನ್ನು ಆರು ವರ್ಷ ಸಂಜೆ ಸಂಜೆ ಗುದ್ದಲಿ ಹಿಡಿದು ಕಡಿದವನು ಮೆತೋದಿ. ಪೊದೆ ಸವರಿದವನು, ಕಲ್ಲು ಕೂರಿಸಿದವನು, ಮಳೆನೀರು ಹರಿಯಲು ಕಾಲುವೆ ತೋಡಿದವನು ಅವನೇ. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಹೇಳುವ ಸಂದರ್ಭ ಬಂದಿರಲಿಲ್ಲ.

ಇನ್ನೂ ಒಂದು ತೊಡಕಿತ್ತು. ಹತ್ತುವುದರಲ್ಲಿ ಮೆತೋದಿಯನ್ನು ಮೀರಿಸುವವರಿರಲಿಲ್ಲ. ಚರ್ಚಿನ ಹಿಂದಿನಿಂದ ನೆತ್ತಿಯವರೆಗೆ ಬೇರುಗಳೂ ಬಂಡೆ ಮೆಟ್ಟಿಲುಗಳೂ ತುಂಬಿದ ಏರನ್ನು ಅವನು ಸೀಟಿನ ತುದಿಯಲ್ಲಿ ಕುಂಡೆ ಊರಿ, ಮೂಗನ್ನು ಹ್ಯಾಂಡಲ್ಲಿಗೆ ತಾಗಿಸಿ, ಸಣ್ಣ ಗೇರಿನಲ್ಲಿ ಹೊಲಿಗೆ ಯಂತ್ರ ತುಳಿದಂತೆ ತುಳಿಯುತ್ತ, ಒಮ್ಮೆಯೂ ಕಾಲು ನೆಲಕ್ಕೆ ಊರದೆ ಹತ್ತುತ್ತಿದ್ದ. ಆದರೆ ಹತ್ತುವವನನ್ನು ನೋಡಲು ಯಾರು ಬರುತ್ತಾರೆ? ಜನ ನೋಡುವುದು ಇಳಿಯುವವನನ್ನು. ಇಳಿಯುವ ದಾರಿಯಲ್ಲಿ ನೆತ್ತಿಯಿಂದ ಸ್ವಲ್ಪ ಕೆಳಗೆ ಮೇಕೆಗಂಟಲು ಎಂಬ ಜಾಗವಿತ್ತು: ಎರಡು ಬಂಡೆಗಳ ನಡುವೆ ಸಂದು, ಸಂದಿನ ಕೊನೆಗೆ ಆಳೆತ್ತರದ ಧುಮುಕು, ಎಡಕ್ಕೆ ಕೊರಕಲು. ಅದನ್ನು ಮೊದಲು ಇಳಿದವನು ರಾಡೊಯ್. ಮೆತೋದಿ ಅಲ್ಲಿಗೆ ಬಂದೊಡನೆ ಸೈಕಲ್ಲಿನಿಂದ ಇಳಿದು, ಬಂಡೆಯನ್ನು ಪರೀಕ್ಷೆ ಮಾಡುವವನಂತೆ ನಾಲ್ಕು ಕಡೆ ತಟ್ಟಿ ನೋಡಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಪಕ್ಕದಿಂದ ನಡೆದು ಬರುತ್ತಿದ್ದ.

ಅತ್ತೆಯ ಹೆಸರಿನ ದಿನದ, ಅಂದರೆ ಅವಳ ಹೆಸರಿನ ಸಂತಳ ಹಬ್ಬದ ಊಟದಲ್ಲಿ ಎಲ್ಲ ಶುರುವಾಯಿತು. ಮೇಜಿನ ನಡುವೆ ಇಡೀ ಕುರಿ, ಸುತ್ತ ನೆಂಟರು. ರಾಡೊಯ್ ಒಬ್ಬ ಅತಿಥಿಗೆ "ನನ್ನ ದಾರಿ" ಎಂದು ವಿವರಿಸುತ್ತಿದ್ದ.

"ಯಾರ ದಾರಿ?" ಎಂದ ಮೆತೋದಿ.

"ನಂದು ಕಣೋ ಷಡ್ಡಕ. ಯಾಕೆ, ಉಪ್ಪು ಬೇಕಿತ್ತಾ?"

"ಕಡಿದವನು ನಾನು."

"ಕಡಿದವನದ್ದೇ ಆದ್ರೆ ಈ ಕುರಿ ಕಟುಕನದ್ದು. ಎಲ್ರೂ ಬಾಯಿಂದ ತೆಗೆದು ವಾಪಸ್ ಕೊಡ್ರಪ್ಪಾ!"

ಮೇಜು ಬಿದ್ದು ಬಿದ್ದು ನಕ್ಕಿತು. ದೋಬ್ರಿಂಕಾ ಕೂಡ ನಕ್ಕಳು. ಆಮೇಲೆ ಕರವಸ್ತ್ರ ಅಡ್ಡ ಹಿಡಿದಳು, ಆದರೆ ಮೆತೋದಿ ನೋಡಿಬಿಟ್ಟಿದ್ದ.

"ದಾರಿ ಅಂದ್ರೆ ಇಳಿದೋನದ್ದು," ಎಂದು ರಾಡೊಯ್ ಮುಂದುವರಿಸಿದ. "ನೀನು ಮೇಕೆಗಂಟಲಲ್ಲಿ ಸೈಕಲ್ಲನ್ನ ಕಂಕುಳಲ್ಲಿ ಕೂಸಿನ ಥರ ಎತ್ಕೊಂಡು ಬರ್ತೀಯ."

"ಹೋದ ವಾರ ಇಳಿದೆ. ಕಾಲು ಊರದೆ," ಎಂದ ಮೆತೋದಿ. ಇದು ಶುದ್ಧ ಸುಳ್ಳಾಗಿತ್ತು.

"ನೋಡಿದೋರು ಯಾರು?"

"ಯಾರೂ ಇರಲಿಲ್ಲ."

"ಅದೇ ಅಂದ್ಕೊಂಡೆ," ಎಂದು ರಾಡೊಯ್ ಕುರಿಯ ತೊಡೆಗೆ ಕೈಹಾಕಿದ.

ಮರುದಿನ ಮೆತೋದಿ ಕೋಟು ಹಾಕಿಕೊಂಡು ಮೇಯರ್ ಪ್ರೊದಾನೊವ್ ಹತ್ತಿರ ಹೋದ. ದಾರಿಯ ತಲೆಯಲ್ಲಿ ತನ್ನ ಹೆಸರಿನ ಒಂದು ಸಣ್ಣ ಬೋರ್ಡು ಹಾಕಬೇಕು ಎಂದು ಕೇಳಿದ. ಮೇಯರ್ ಬಹಳ ಸಜ್ಜನ. ಇಲ್ಲ ಎನ್ನುವಾಗಲೂ ಕಾಫಿ ತರಿಸುತ್ತಿದ್ದ.

"ಹಾಕ್ಬೋದಿತ್ತು ಮೆತೋದಿ, ಸಂತೋಷವಾಗಿ ಹಾಕ್ಬೋದಿತ್ತು. ಆದ್ರೆ ನಿಯಮ ಇದೆಯಲ್ಲ. ಬದುಕಿರೋರ ಹೆಸರು ಯಾವುದಕ್ಕೂ ಇಡೋ ಹಾಗಿಲ್ಲ. ನೀವು ಇನ್ನೂ..." ಎಂದು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನೋಡೋಣ, ಕಾಲ ಬರುತ್ತೆ," ಎಂದ.

ಬೋರ್ಡು ಇಲ್ಲದಿದ್ದರೆ ಕಾಗದವಾದರೂ ಆಗಲಿ ಎಂದುಕೊಂಡ ಮೆತೋದಿ. ಊರಿನಲ್ಲಿ ಛಾಪಿಸುವ ಯಂತ್ರ ಇದ್ದುದು ಒಂದೇ ಕಡೆ, ಜ್ಲಾತ್ಕಾಳ ಶವಸಂಸ್ಕಾರದ ಅಂಗಡಿಯಲ್ಲಿ. ಕಮೆನಿಚ್ಕದಲ್ಲಿ ಯಾರು ಸತ್ತರೂ ಅವರ ಫೋಟೋ ಇರುವ ಕಪ್ಪಂಚಿನ ಹಾಳೆಯನ್ನು ಜ್ಲಾತ್ಕಾ ಛಾಪಿಸುತ್ತಿದ್ದಳು. ನೆಂಟರು ಅದನ್ನು ಮನೆಬಾಗಿಲು, ಬಸ್ ನಿಲ್ದಾಣ, ಮರಗಳಿಗೆಲ್ಲ ಅಂಟಿಸುತ್ತಿದ್ದರು. ನಲವತ್ತನೇ ದಿನಕ್ಕೆ ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು. ಊರಿನ ಗೋಡೆಗಳ ಮೇಲೆ ಬದುಕಿದವರಿಗಿಂತ ಸತ್ತವರೇ ಹೆಚ್ಚು ಓಡಾಡಿಕೊಂಡಿದ್ದರು.

ಮೆತೋದಿ ನಾದಿನಿಯ ಮದುವೆಯಲ್ಲಿ ಟೈ ಕಟ್ಟಿ ತೆಗೆಸಿಕೊಂಡ ಫೋಟೋ ಕೊಟ್ಟ. ಅಂದು ಹೊಸ ಬೂಟು ಕಚ್ಚುತ್ತಿದ್ದುದರಿಂದ ಮುಖ ಬಹಳ ಗಂಭೀರವಾಗಿ ಬಂದಿತ್ತು.

ಜ್ಲಾತ್ಕಾ ಛಾಪಿಸಿದ್ದನ್ನು ನೋಡಿ ಅವನು ಸ್ವಲ್ಪ ಅನುಮಾನಿಸಿದ. "ಜ್ಲಾತ್ಕಾ, ಈ ಕಪ್ಪು ಅಂಚು... ಇದು ಸತ್ತೋರಿಗೆ ಹಾಕೋದಲ್ವಾ?"

"ಸತ್ತೋರಿಗೆ ದಪ್ಪದ್ದು. ಇದು ತೆಳು. ಗಣ್ಯರದ್ದು," ಎಂದಳು ಜ್ಲಾತ್ಕಾ. "ಅಂಚಿಲ್ಲದೆ ಹಾಕಿದ್ರೆ ಕಳೆದ್ಹೋದ ನಾಯಿ ಅಂದ್ಕೋತಾರೆ."

ಗಣ್ಯ ಎಂಬ ಮಾತು ಮೆತೋದಿಯ ಕಿವಿಗೆ ಜೇನು ಸುರಿದಂತಾಯಿತು. ಹಾಳೆಯಲ್ಲಿ ಹೀಗಿತ್ತು: "ಮೆತೋದಿ ಕರಾಸ್ತೋಯನೊವ್. ಈ ದಾರಿಗಾಗಿ ತನ್ನನ್ನೇ ಕೊಟ್ಟವರು. ಹಾದುಹೋಗುವವರೇ, ಒಂದು ಕ್ಷಣ ನಿಂತು ನೆನೆಯಿರಿ." ಕೊನೆಯ ಸಾಲನ್ನು ಅವನು ಕೊಟ್ಟಿರಲಿಲ್ಲ. ಅಭ್ಯಾಸಬಲದಿಂದ ಜ್ಲಾತ್ಕಾಳೇ ಸೇರಿಸಿದ್ದಳು. ಚೆನ್ನಾಗಿದೆಯೆಂದು ಅವನೂ ಇರಲಿಬಿಟ್ಟ.

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ, ಹಾಳೆಗಳ ಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ಮೆತೋದಿ ಬೆಟ್ಟ ಹತ್ತಿದ. ಏರಿನುದ್ದಕ್ಕೂ ಮರಕ್ಕೊಂದರಂತೆ ಮೊಳೆ ಹೊಡೆದ. ತನ್ನ ಮುಖವೇ ತನ್ನನ್ನು ಸಾಲಾಗಿ ನೋಡುತ್ತಿದ್ದುದರಿಂದ ಅವನಿಗೆ ಧೈರ್ಯ ಹೆಚ್ಚಾಗುತ್ತ ಹೋಯಿತು. ಕೊನೆಯ ಹಾಳೆಯನ್ನು ಮೇಕೆಗಂಟಲಿನ ಬಾಯಲ್ಲಿದ್ದ ಓಕ್ ಮರಕ್ಕೆ ಹೊಡೆಯುವಷ್ಟರಲ್ಲಿ ಧೈರ್ಯ ಉಕ್ಕಿಬಿಟ್ಟಿತ್ತು. ಇಷ್ಟು ಗಣ್ಯನಾದವನು ಇಲ್ಲಿ ಸೈಕಲ್ ಹೊತ್ತು ನಡೆಯುವುದು ಸರಿಯಲ್ಲ ಎಂದುಕೊಂಡು, ಸೀಟು ಏರಿ, ಶಿಲುಬೆಯ ಗುರುತು ಹಾಕಿಕೊಂಡು, ಸಂದಿನೊಳಕ್ಕೆ ಬಿಟ್ಟ.

ಅರ್ಧದವರೆಗೆ ಚೆನ್ನಾಗಿಯೇ ಹೋಯಿತು. ಅಲ್ಲಿ ಅವನು ಕೆಳಗೆ ನೋಡಿದ. ನೋಡಿದೊಡನೆ ಎರಡೂ ಬ್ರೇಕು ಹಿಡಿದ. ಸೈಕಲ್ಲು ನಿಂತಿತು, ಮೆತೋದಿ ನಿಲ್ಲಲಿಲ್ಲ. ಫೋನು ಕೊರಕಲಿಗೆ ಹೋಯಿತು, ಸೈಕಲ್ಲು ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡಿತು, ಅವನು ಪಾದ ಉಳುಕಿಸಿಕೊಂಡು ಎಲೆಯ ರಾಶಿಯಲ್ಲಿ ಬಿದ್ದ.

ಈಗ ಊರಿಗೆ ಹೋಗುವುದು ಹೇಗೆ? ಕುಂಟುತ್ತ ಹೋದರೆ ರಾಡೊಯ್ ನೋಡುತ್ತಾನೆ. ನೋಡಿದರೆ ಮುಂದಿನ ಹೆಸರಿನ ದಿನದವರೆಗೆ ಆ ಮೇಜಿಗೆ ಬೇರೆ ನಗೆಯೇ ಬೇಕಿಲ್ಲ. ಆದ್ದರಿಂದ ಮೆತೋದಿ ಬೆಟ್ಟದ ಆಚೆ ಬದಿಗೆ, ಪಕ್ಕದ ಕಣಿವೆಗೆ ಇಳಿದ. ಅಲ್ಲಿ ಮೂಳೆ ಕಟ್ಟುವ ಹಸನ್ ಅಜ್ಜ ಇದ್ದ. ಅಜ್ಜ ಪಾದವನ್ನು ಹಿಡಿದು ಒಮ್ಮೆ ತಿರುಗಿಸಿದ. ಮೆತೋದಿಗೆ ಅತ್ತೆಯ ಸತ್ತ ಅತ್ತೆಯೂ ಕಣ್ಣಮುಂದೆ ಬಂದಳು. ಮೊಟ್ಟೆ, ಸಾಬೂನು, ಉಣ್ಣೆ ಸೇರಿಸಿ ಪಟ್ಟು ಹಾಕಿ, "ಭಾನುವಾರದವರೆಗೆ ಅಲ್ಲಾಡಬೇಡ," ಎಂದ ಅಜ್ಜ. ಅಜ್ಜನ ಮನೆಯಲ್ಲಿ ಫೋನಿರಲಿಲ್ಲ. ದೋಬ್ರಿಂಕಾ ಒಂದೆರಡು ದಿನ ಹುಡುಕಲಿ, ಅಂದು ಮೇಜಿನ ಬಳಿ ನಕ್ಕದ್ದು ನೆನಪಾಗಲಿ ಎಂದು ಮೆತೋದಿ ಅಜ್ಜ ಕೊಟ್ಟ ಮೊಸರು ಕುಡಿದು ಮಲಗಿದ.

ಭಾನುವಾರ ಬ್ರೆಡ್ಡಿನ ವ್ಯಾನಿನಲ್ಲಿ ಕುಳಿತು ಬಂದು ಊರ ಬಾಗಿಲಲ್ಲಿ ಇಳಿದ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ತನ್ನ ಮನೆಯ ಪಕ್ಕದಲ್ಲಿ ವೆಲಾ ಅಜ್ಜಿ ಮಾತ್ರ ಗೇಟಿಗೆ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಕುಳಿತಿದ್ದಳು. ಪಾತ್ರೆಯಲ್ಲಿ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ. ಅಜ್ಜಿಯ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು.

"ತಗೋ ಮಗಾ, ಒಂದು ಚಮಚ. ಮೆತೋದಿ ಆತ್ಮಕ್ಕೆ."

ಮೆತೋದಿಗೆ ಹಸಿವಾಗಿತ್ತು. ಬಾಯಿಗೆ ಹಾಕಿಕೊಂಡು ರೂಢಿಯಂತೆ, "ದೇವರು ಕ್ಷಮಿಸಲಿ," ಎಂದ. ನುಂಗಿದ ಮೇಲೆ ಕೇಳಿದ, "ಯಾವ ಮೆತೋದಿ ಅಜ್ಜಿ?"

"ನಮ್ಮ ಅಂಚೆಯವನು ಕಣಪ್ಪಾ. ಬೆಟ್ಟದಿಂದ ಬಿದ್ದು ಹೋದ. ಸೈಕಲ್ಲು ಮರದ ಮೇಲೆ ಸಿಕ್ತು, ಹೆಣ ಇನ್ನೂ ಸಿಕ್ಕಿಲ್ಲ. ಪುಣ್ಯಾತ್ಮ! ಅವನಿಗೆ ಮೊದ್ಲೇ ಗೊತ್ತಾಗಿತ್ತು ನೋಡು. ತಾನೇ ಹೋಗಿ ಹಾಳೆ ಮಾಡಿಸಿ, ತಾನೇ ಅಂಟಿಸಿ, ಹೆಂಡ್ತಿಗೆ ಒಂದು ತೊಂದರೆ ಕೊಡದೆ ಹೋದ. ಇವತ್ತಿನ ಕಾಲದಲ್ಲಿ ಯಾರು ಹಂಗೆ ಸಾಯ್ತಾರೆ?"

"ಹಾಳೇಲಿ ಏನಿದೆ ಅಂತ ಯಾರೂ ಓದಲಿಲ್ವಾ?"

"ಫೋಟೋ ಇತ್ತು, ಕಪ್ಪಂಚಿತ್ತು. ಇನ್ನೇನು ಓದೋದು?"

ಅಜ್ಜಿ ಹೇಳಿದ್ದು ನ್ಯಾಯವಾಗಿಯೇ ಇತ್ತು. ಕಮೆನಿಚ್ಕದಲ್ಲಿ ಆ ಹಾಳೆಗಳನ್ನು ಯಾರೂ ಓದುವುದಿಲ್ಲ. ಮುಖ ನೋಡುತ್ತಾರೆ, ಟೋಪಿ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಮೆತೋದಿಯೂ ಜೀವಮಾನವಿಡೀ ಹಾಗೆಯೇ ಮಾಡಿದ್ದ.

ಅವನ ಮನೆಯ ಅಂಗಳದಲ್ಲಿ ಉದ್ದ ಮೇಜು ಹಾಕಿತ್ತು. ಇಡೀ ಊರು ಅಲ್ಲಿ ಕುಳಿತಿತ್ತು. ಮೆತೋದಿ ಓಡಿ ಹೋಗಿ ಎದುರಿಗೆ ನಿಲ್ಲಬೇಕಾಗಿತ್ತು. ಆದರೆ ದ್ರಾಕ್ಷಿ ಚಪ್ಪರದ ಹಿಂದೆ ಬಂದಾಗ ತನ್ನ ಹೆಸರು ಕೇಳಿಸಿತು. ಹೆಸರು ಕೇಳಿದ ಮೇಲೆ ಯಾವ ಮನುಷ್ಯ ತಾನೆ ಮುಂದೆ ಹೆಜ್ಜೆ ಇಡುತ್ತಾನೆ?

ದೋಬ್ರಿಂಕಾ ಕಪ್ಪು ತಲೆವಸ್ತ್ರ ಕಟ್ಟಿ ಅಳುತ್ತಿದ್ದಳು. "ಆರು ವರ್ಷ ಮಣ್ಣು ಮೆತ್ತಿದ ಬೂಟು ಹಾಕ್ಕೊಂಡು ಬರೋನು, ನಾನು ಹೊಸ್ತಿಲಲ್ಲೇ ನಿಲ್ಲಿಸಿ ಬೈಯೋಳು. ಒಂದ್ಸಲನಾದ್ರೂ ಮೇಲೆ ಹೋಗಿ, ಏನು ಮಾಡಿದ್ದೀಯ ತೋರ್ಸು ಅನ್ನಲಿಲ್ಲ. ಒಂದೇ ಒಂದ್ಸಲ."

ಆಮೇಲೆ ರಾಡೊಯ್ ಎದ್ದ. ಕಣ್ಣು ಕೆಂಪಾಗಿತ್ತು. "ಕೇಳ್ರಪ್ಪಾ. ನಾನು ಪತ್ರಿಕೆಯೋರಿಗೆಲ್ಲ ನನ್ನ ದಾರಿ, ನನ್ನ ದಾರಿ ಅಂದೆ. ಸುಳ್ಳು! ಒಂದು ಕಲ್ಲನ್ನೂ ನಾನು ಎತ್ತಿಲ್ಲ. ಎಲ್ಲ ನನ್ನ ಷಡ್ಡಕ ಮಾಡಿದ್ದು. ಚಿನ್ನದಂಥ ಮನುಷ್ಯ. ನಾನು ಅವನ ಬೆವರು ತಿಂದು ದಪ್ಪಗಾದೆ!"

ಚಪ್ಪರದ ಹಿಂದೆ ಮೆತೋದಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಅಷ್ಟು ಸುಖ ಅವನಿಗೆ ಆಗಿರಲಿಲ್ಲ. ಸಂಜೆಯವರೆಗೂ ಹಾಗೇ ಸತ್ತಿರಲು ಅವನು ಸಿದ್ಧನಿದ್ದ. ಆದರೆ ರಾಡೊಯ್ ಒಂದು ಸೀಸೆಯನ್ನು ಎತ್ತಿ ಮುಚ್ಚಳ ತಿರುಗಿಸಿ, ಸತ್ತವನಿಗಾಗಿ ಮೊದಲ ಹನಿಯನ್ನು ನೆಲಕ್ಕೆ ಚೆಲ್ಲಲು ಹೋದ. ಅದು ಮೆತೋದಿ ನಿವೃತ್ತಿಯ ದಿನಕ್ಕೆಂದು ಮಂಚದ ಕೆಳಗೆ ಬಚ್ಚಿಟ್ಟಿದ್ದ ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ.

"ಚೆಲ್ಬೇಡ್ವೋ!" ಎಂದು ಕೂಗಿ ಮೆತೋದಿ ಹೊರಬಂದ.

ಯಾರೋ ತಟ್ಟೆ ಬೀಳಿಸಿದರು. ಪಾದ್ರಿ ಶಿಲುಬೆ ಹುಡುಕಿದ. ದೋಬ್ರಿಂಕಾ ಎದ್ದು ಬಂದು ಗಂಡನ ಮುಖವನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿ, ಕೆನ್ನೆಗೆ ಒಂದು ಬಾರಿಸಿ, ಆಮೇಲೆ ಅವನ ಕೊರಳಿಗೆ ಜೋತುಬಿದ್ದಳು. ಅಲ್ಲಿಗೆ ಸಂತೋಷ ಪಟ್ಟವರ ಸಂಖ್ಯೆ ಮುಗಿಯಿತು.

"ಎಲ್ಲಿ ಹಾಳಾಗಿದ್ದೆ? ನಾವು ಎರಡು ದಿನ ಕೊರಕಲಲ್ಲಿ ಹೆಣ ಹುಡುಕಿದೀವಿ!" ಎಂದ ಒಬ್ಬ.

"ಗೋಧಿ ಬೇಯಿಸಿ ಬೇಯಿಸಿ ನನ್ನ ಒಲೆ ಕೆಟ್ಟೋಯ್ತು," ಎಂದಳು ಇನ್ನೊಬ್ಬಳು.

ರಾಡೊಯ್ ಸೀಸೆ ಹಿಡಿದೇ ನಿಂತಿದ್ದ. "ಸತ್ತಿಲ್ವಾ? ಹಾಗಾದ್ರೆ ನಾನು ಹೇಳಿದ್ದು ಲೆಕ್ಕಕ್ಕಿಲ್ಲ. ಎಲ್ರೂ ಕೇಳಿಸ್ಕೊಳ್ಳಿ, ವಾಪಸ್ ತಗೊಂಡಿದೀನಿ."

ಆಗ ಮೇಯರ್ ಪ್ರೊದಾನೊವ್ ಬಾಯಿ ಒರೆಸಿಕೊಂಡು ಎದ್ದ. ಮೆತೋದಿಯ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. ದೋಬ್ರಿಂಕಾಳೂ ರಾಡೊಯ್‌ನೂ ಹಿಂದೆ ಬಂದರು.

"ಮೆತೋದಿ, ನೀವು ಬದುಕಿರೋದು ವೈಯಕ್ತಿಕವಾಗಿ ನನಗೆ ಸಂತೋಷ. ಆದ್ರೆ ಊರಿನ ಕಡೆಯಿಂದ ಹೇಳ್ತೀನಿ, ಬಹಳ ಕಷ್ಟ ಆಯ್ತು. ನಿನ್ನೆ ತುರ್ತು ಸಭೆ ಮಾಡಿ ದಾರಿಗೆ ನಿಮ್ಮ ಹೆಸರೇ ಇಟ್ಟಿದೀವಿ. ಬೋರ್ಡು ಬಂದಿದೆ. ಗುರುವಾರ ಸೋಫಿಯಾದಿಂದ ಅನುದಾನ ಕೊಡೋ ಮೇಡಂ ಉದ್ಘಾಟನೆಗೆ ಬರ್ತಾರೆ. ಬೆಟ್ಟಕ್ಕಾಗಿ ಪ್ರಾಣ ಕೊಟ್ಟ ಅಂಚೆಯವನು ಅಂತ ಬರೆದು ಕಳ್ಸಿದ್ದಕ್ಕೆ ಅವರಿಗೆ ಕಣ್ಣಲ್ಲಿ ನೀರು ಬಂತಂತೆ. ಅನುದಾನ ಕೊಟ್ಟ ಹಾಗೇ."

"ಅಂದ್ರೆ?"

"ಗುರುವಾರದವರೆಗೆ ಸತ್ತಿರಿ. ಆಮೇಲೆ ನಿಧಾನಕ್ಕೆ ಬದುಕಿ. ಯಾರೂ ಏನೂ ಕೇಳಲ್ಲ."

"ಥೂ! ಬದುಕಿರೋ ಗಂಡನಿಗೆ ನಾನು ವಿಧವೆ ಆಗಿ ನಿಂತ್ಕೋಬೇಕಾ?" ಎಂದಳು ದೋಬ್ರಿಂಕಾ.

ಮೆತೋದಿ ಬೋರ್ಡು ಎಷ್ಟು ದೊಡ್ಡದು ಎಂದು ಕೇಳಿದ. ಮೇಯರ್ ಎರಡೂ ಕೈ ಚಾಚಿ ತೋರಿಸಿದ. ಸಾಲದೆಂದು ಇನ್ನಷ್ಟು ಚಾಚಿದ.

"ಒಂದೇ ದಿನ ದೋಬ್ರಿಂಕಾ," ಎಂದ ಮೆತೋದಿ. "ಒಂದು ದಿನ ಕಪ್ಪು ಹಾಕ್ಕೊಂಡು ನಿಂತ್ಕೊಂಡ್ರೆ ಏನು ಹೋಗುತ್ತೆ? ನಿನಗೆ ಕಪ್ಪು ಒಪ್ಪುತ್ತೆ ಬೇರೆ."

ಅವಳು ತಲೆವಸ್ತ್ರದ ಗಂಟನ್ನು ಇನ್ನಷ್ಟು ಬಿಗಿದಳು. "ನೀನು ಬದುಕಿ ಬಂದದ್ದು ನನಗೆ ಸಾಕಾಗಿತ್ತು," ಎಂದಳು. "ನಿನಗೇ ಸಾಲಲಿಲ್ಲ." ಮುಂದಿನ ನಾಲ್ಕು ದಿನ ಅವನಿಗೆ ಊಟ ಬಡಿಸಿದಳು, ಮಾತು ಆಡಲಿಲ್ಲ.

ಗುರುವಾರ ನೆತ್ತಿಯ ಮೇಲೆ, ಏರು ಬಂದು ಮುಗಿದು ಕಾಡಿನ ರಸ್ತೆ ಸೇರುವ ಜಾಗದಲ್ಲಿ, ಜನ ನೆರೆದರು. ಎಲ್ಲರೂ ರಾಡೊಯ್‌ನ ವ್ಯಾನುಗಳಲ್ಲಿ, ಮೇಡಂ ತನ್ನ ಕಾರಿನಲ್ಲಿ ಬಂದಿದ್ದರು. ಸತ್ತವನು ಮಾತ್ರ ನಸುಕಿನಲ್ಲೇ ಕುಂಟುತ್ತ ಹತ್ತಿ ಬಂದು, ಮೇಕೆಗಂಟಲಿನ ಮೇಲಿನ ಪೊದೆಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ್ದ. ಮನೆಯಲ್ಲೇ ಇರಬೇಕೆಂದು ಮೇಯರ್ ಹೇಳಿದ್ದ. ಆದರೆ ತನ್ನ ಹೆಸರಿನ ಬೋರ್ಡು ಅನಾವರಣವಾಗುವಾಗ ಕೋಳಿಗೆ ಕಾಳು ಹಾಕುತ್ತ ಕೂರುವುದು ಸತ್ತವನಿಗೂ ಸಾಧ್ಯವಿಲ್ಲ.

ಪರದೆ ಎಳೆದರು. ದಪ್ಪ ಓಕ್ ಹಲಗೆಯ ಮೇಲೆ ಬಿಳಿ ಅಕ್ಷರ: ಮೆತೋದಿ ಕರಾಸ್ತೋಯನೊವ್ ದಾರಿ. ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ. ಸೋಫಿಯಾದ ಮೇಡಂ ತಲೆ ಬಾಗಿಸಿದಳು. ಮೇಯರ್ ಭಾಷಣ ಮಾಡಿದ. ಮೆತೋದಿಯ ಬಾಲ್ಯದ ಬಡತನವನ್ನು ವರ್ಣಿಸಿದ. ಆ ಬಡತನ ಮೆತೋದಿಗೂ ಹೊಸ ಸುದ್ದಿಯಾಗಿತ್ತು. ದೋಬ್ರಿಂಕಾ ಹೂವು ಹಿಡಿದು ಮರದಂತೆ ನಿಂತಿದ್ದಳು, ಅವಳ ಮುಖ ನೋಡಿ ಮೆತೋದಿ ಮೊದಲ ಬಾರಿಗೆ ಬೋರ್ಡಿನಿಂದ ಕಣ್ಣು ತೆಗೆದ.

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಮೇಡಂ ತನ್ನ ಕಾರಿನ ಹಿಂದಿನಿಂದ ಸೈಕಲ್ಲು ಇಳಿಸಿದಳು. "ನಾನೂ ಇಳಿದು ನೋಡ್ತೀನಿ. ಯಾರು ದಾರಿ ತೋರಿಸ್ತೀರಿ?"

ಊರು ಒಟ್ಟಾಗಿ ರಾಡೊಯ್‌ನ ಕಡೆ ತಿರುಗಿತು. ರಾಡೊಯ್ ಈ ಎರಡು ವರ್ಷ ಇಳಿದದ್ದೆಲ್ಲ ಊಟದ ಮೇಜಿನ ಮೇಲೆಯೇ. ಹೊಟ್ಟೆ ಬೆಳೆದಿತ್ತು. ಹಿಂದಿನ ದಿನ ಮಳೆಯೂ ಬಂದಿತ್ತು. ಆದರೆ ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? ಹೆಲ್ಮೆಟ್ಟು ಬಿಗಿದುಕೊಂಡು ಮುಂದೆ ಹೊರಟ, ಹಿಂದೆ ಮೇಡಂ, ಅವಳ ಹಿಂದೆ ಇಡೀ ಊರು.

ಮೇಕೆಗಂಟಲಿನ ಬಾಯಿಗೆ ಬಂದಾಗ ಅವನ ಮುಖದ ರಕ್ತ ಇಳಿದುಹೋದದ್ದನ್ನು ಮೆತೋದಿ ಪೊದೆಯಿಂದಲೇ ಕಂಡ. ಸೈಕಲ್ಲು ಸಂದಿನೊಳಗೆ ನುಗ್ಗಿತು. ಅರ್ಧದಲ್ಲಿ ರಾಡೊಯ್ ಕೆಳಗೆ ನೋಡಿದ. ಎರಡೂ ಬ್ರೇಕು ಹಿಡಿದ. ಒದ್ದೆ ಬಂಡೆಯ ಮೇಲೆ ಮುಂದಿನ ಗಾಲಿ ಎಡಕ್ಕೆ, ಕೊರಕಲಿನ ಕಡೆಗೆ ಜಾರತೊಡಗಿತು. ಹಿಂದಿನ ಗಾಲಿ ನೆಲ ಬಿಟ್ಟಿತು.

ಮೆತೋದಿ ಸುಮ್ಮನಿರಬಹುದಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಸಂದಿನ ಒಂದೊಂದು ಕಲ್ಲೂ ಅವನು ಕೂರಿಸಿದ್ದು. ಅಲ್ಲಿ ಒಬ್ಬ ಸತ್ತರೆ ಅದು ಅವನ ಕೈಯಲ್ಲೇ ಸತ್ತಂತೆ.

"ಮುಂದಿನ ಬ್ರೇಕು ಬಿಡೋ!" ಎಂದು ಕಾಡು ಬೆಚ್ಚುವಂತೆ ಕೂಗಿದ. "ಕುಂಡೆ ಹಿಂದಕ್ಕೆ! ಹಿಂದಕ್ಕೆ ಅಂದ್ನಲ್ಲ! ಕೆಳಗೆ ನೋಡ್ಬೇಡ, ಆ ಮರ ನೋಡು, ಮರ! ಈಗ ಬಿಟ್ಬಿಡು!"

ಯೋಚನೆ ಮಾಡುವ ಸ್ಥಿತಿಯಲ್ಲಿ ಇಲ್ಲದ್ದರಿಂದ ರಾಡೊಯ್ ಹೇಳಿದಂತೆ ಮಾಡಿದ. ಸೈಕಲ್ಲು ಬಂಡೆ ಬಿಟ್ಟು ಹಾರಿತು, ಕೆಳಗಿನ ಇಳಿಜಾರಿನ ಮೇಲೆ ಎರಡೂ ಗಾಲಿ ಊರಿ ಬಿತ್ತು, ಓಡಿ ಹೋಗಿ ನಿಂತಿತು. ಮೇಲಿನಿಂದ ಜನ ಚಪ್ಪಾಳೆ ಹೊಡೆದರು. ಮೇಡಂ ತಾನು ಇಳಿಯುವುದು ಮರೆತು ಪೊದೆಯ ಕಡೆ ನೋಡುತ್ತಿದ್ದಳು.

"ಯಾರದು ಕೂಗಿದ್ದು?"

"ಪ್ರತಿಧ್ವನಿ," ಎಂದ ಮೇಯರ್. "ಈ ಕಣಿವೆಯಲ್ಲಿ ಬಹಳ."

"ಇಲ್ಲ, ಯಾರೋ ಹೇಳಿಕೊಟ್ಟರು."

ರಾಡೊಯ್ ಸೈಕಲ್ಲು ಎಳೆದುಕೊಂಡು ಮೇಲೆ ಬಂದ. ನಾಲಿಗೆಗೆ ಆಗಲೇ ಜೀವ ಬಂದಿತ್ತು. ಪೊದೆಯನ್ನೊಮ್ಮೆ ನೋಡಿದ. ಅಲ್ಲಿ ಯಾರಿದ್ದಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ನಾನೇ ಮೇಡಂ. ನನಗೆ ನಾನೇ ಹೇಳ್ಕೊಳ್ತೀನಿ, ಅಭ್ಯಾಸ. ಪಾಪ, ನನ್ನ ಷಡ್ಡಕನಿಗೆ ಎಷ್ಟು ಹೇಳಿಕೊಟ್ಟೆ! ಮಂದ ಬುದ್ಧಿ. ಬ್ರೇಕು ಬಿಡು ಅಂದ್ರೆ ಹಿಡಿದ, ಸತ್ತ."

ಇನ್ನು ಐದು ನಿಮಿಷ ಸತ್ತಿದ್ದರೆ ಸಾಕಾಗಿತ್ತು. ಬೋರ್ಡು ಅಲ್ಲೇ ಇರುತ್ತಿತ್ತು, ಮೊಮ್ಮಕ್ಕಳ ಕಾಲದವರೆಗೂ ಇರುತ್ತಿತ್ತು. ಮೆತೋದಿ ಹಲ್ಲು ಕಚ್ಚಿದ. ಪೊದೆಯ ಎಲೆಯನ್ನೂ ಕಚ್ಚಿದ. ಆಮೇಲೆ ಎದ್ದು ನಿಂತ.

"ಯಾರಿಗೋ ಮಂದ ಬುದ್ಧಿ? ಬದುಕಿಸಿದೋನಿಗಾ? ಬಾಯಿ ಬಿಟ್ಟು ಹೇಳೋ, ಈಗ ಕೂಗಿದ್ದು ಯಾರು?"

ಮೇಡಂ ಅವನನ್ನು ನೋಡಿದಳು. ಪಕ್ಕದ ಓಕ್ ಮರದ ಮೇಲಿನ ಕಪ್ಪಂಚಿನ ಫೋಟೋ ನೋಡಿದಳು. ಮತ್ತೆ ಅವನನ್ನು ನೋಡಿದಳು. ಟೈ ಒಂದು ಬಿಟ್ಟರೆ ಎಲ್ಲ ಸರಿಯಾಗಿತ್ತು.

"ಇವರು..."

"ಅಣ್ಣ ಇರಬೇಕು," ಎಂದ ಮೇಯರ್ ಕ್ಷೀಣವಾಗಿ. "ಅವಳಿ."

"ಅಣ್ಣ ಅಲ್ಲ, ನನ್ನ ಗಂಡ," ಎಂದು ದೋಬ್ರಿಂಕಾ ಕಪ್ಪು ವಸ್ತ್ರವನ್ನು ತಲೆಯಿಂದ ಕಿತ್ತು ಹೂವಿನ ಜೊತೆಗೆ ಮೇಯರ್ ಕೈಗೆ ತುರುಕಿದಳು. "ಸತ್ತಿಲ್ಲ. ಬದುಕಿದ್ದಾನೆ. ಬುದ್ಧಿ ಒಂದೇ ಇಲ್ಲದ್ದು."

ಮೇಡಂ ಸೈಕಲ್ಲನ್ನು ಮತ್ತೆ ಕಾರಿಗೆ ಕಟ್ಟಿದಳು. ಅನುದಾನವೂ ಆ ಕಾರಿನ ಜೊತೆಗೇ ಸೋಫಿಯಾಕ್ಕೆ ವಾಪಸ್ಸು ಹೋಯಿತು.

ಆ ಮೇಲೆ ಊರು ಮೆತೋದಿಯನ್ನು ಕ್ಷಮಿಸಲಿಲ್ಲ. ಸುಳ್ಳು ಹೇಳಿದ ಮೇಯರನ್ನು ಕ್ಷಮಿಸಿತು, ಸುಳ್ಳಿನ ಮೇಲೆ ಸುಳ್ಳು ಹೇಳಿದ ರಾಡೊಯ್‌ನನ್ನು ಕ್ಷಮಿಸಿತು. ಬದುಕಿದ್ದವನನ್ನು ಕ್ಷಮಿಸುವುದು ಮಾತ್ರ ಅದಕ್ಕೆ ಆಗಲಿಲ್ಲ. ಅಂಚೆ ಕಚೇರಿಯಲ್ಲಿ ಜನ ಪಾರ್ಸೆಲ್ಲನ್ನು ಕಿಟಕಿಯೊಳಗೆ ತಳ್ಳಿ ಮುಖ ತಿರುಗಿಸುತ್ತಿದ್ದರು. ವೆಲಾ ಅಜ್ಜಿ ಒಬ್ಬಳೇ ಗೇಟಿನಲ್ಲಿ ಅವನನ್ನು ನಿಲ್ಲಿಸಿ, ನಿಜವಾದ ದುಃಖದಿಂದ ಹೇಳಿದಳು: "ಸತ್ತಿದ್ದಾಗ ಎಷ್ಟು ಒಳ್ಳೆಯವನಾಗಿದ್ದೆಯೋ ಮಗಾ. ಯಾಕೆ ಹಾಳು ಮಾಡ್ಕೊಂಡೆ?"

ದಾರಿಗೆ ಹೊಸ ಹೆಸರು ಬೇಕಾಯಿತು. ಬದುಕಿರುವ ಮನುಷ್ಯನ ಹೆಸರು ಇಡುವಂತಿಲ್ಲ, ಆದರೆ ಅಂಗಡಿಯ ಹೆಸರು ಇಡಬಾರದೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲ ಎಂದು ಮೇಯರ್ ಕಂಡುಹಿಡಿದ. ರಾಡೊಯ್ ಅತಿಥಿಗೃಹ ದಾರಿ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಅಷ್ಟು ಒಳ್ಳೆಯ ಓಕ್ ಹಲಗೆಯನ್ನು ಎಸೆಯುವುದು ಯಾರಿಗೂ ಇಷ್ಟವಿರಲಿಲ್ಲ. ಬಿಚ್ಚಿ, ತಿರುಗಿಸಿ, ಖಾಲಿ ಇದ್ದ ಬದಿಯ ಮೇಲೆ ಬರೆಸಿ, ಅದೇ ಕಂಬಗಳಿಗೆ ಹೊಡೆದರು. ಈಗ ವ್ಯಾನಿನಿಂದ ಇಳಿಯುವವರಿಗೆಲ್ಲ ರಾಡೊಯ್ ಅತಿಥಿಗೃಹ ಕಾಣುತ್ತದೆ. ಹಿಂಬದಿ ಏರಿನ ಕಡೆಗೆ ಇದೆ. ಅದನ್ನು ಅಳಿಸಲು ಯಾರೂ ಬಣ್ಣ ದಂಡ ಮಾಡಲಿಲ್ಲ, ಏಕೆಂದರೆ ಆ ಕಡೆಯಿಂದ ಯಾರೂ ಬರುವುದಿಲ್ಲ.

ಒಬ್ಬನು ಬರುತ್ತಾನೆ. ಸಂಜೆ ಕಚೇರಿ ಮುಗಿಸಿ, ಸೈಕಲ್ಲಿಗೆ ಗುದ್ದಲಿ ಕಟ್ಟಿಕೊಂಡು, ಬೇರುಗಳ ಮೇಲೆ, ಬಂಡೆ ಮೆಟ್ಟಿಲುಗಳ ಮೇಲೆ, ಕಾಲು ಊರದೆ ಹತ್ತಿ ಬರುತ್ತಾನೆ. ಕೊನೆಯ ತಿರುವಿನಲ್ಲಿ ತಲೆ ಎತ್ತಿದರೆ ಎದುರಿಗೆ ಅವನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಅದನ್ನು ಓದುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ. ಆಮೇಲೆ ಗುದ್ದಲಿ ಬಿಚ್ಚಿಕೊಂಡು, ಅಂದು ರಾಡೊಯ್‌ನ ಅತಿಥಿಗಳು ಕಿತ್ತುಹಾಕಿದ ಕಲ್ಲುಗಳನ್ನು ಮತ್ತೆ ಕೂರಿಸಲು ಮೇಕೆಗಂಟಲಿಗೆ ನಡೆದು ಇಳಿಯುತ್ತಾನೆ.